ಸೆಲ್ಫ್ ಒತ್ತಿದರೆ ಬರೀ ‘ಟಕ್’: ಕರಾವಳಿಯ ಹಳೇ ಬೈಕಿನಲ್ಲಿ ಸ್ಟಾರ್ಟಿಂಗ್ ದೋಷ ಹುಡುಕುವುದು

ಮಳೆಗಾಲ ಹಿಡಿಯಿತು ಅಂದರೆ ಮಂಗಳೂರು, ಉಡುಪಿಯ ಗ್ಯಾರೇಜುಗಳಲ್ಲಿ ಕೇಳುವ ದೂರು ಒಂದೇ: ‘ಸೆಲ್ಫ್ ತಗೊಳ್ತಾ ಇಲ್ಲ.’ ಅದಕ್ಕೆ ಸಿಗುವ ಉತ್ತರವೂ ಹೆಚ್ಚುಕಡಿಮೆ ಒಂದೇ: ‘ಬ್ಯಾಟರಿ ಹೋಗಿದೆ, ಹೊಸತು ಹಾಕುವ.’ ಹೊಸ ಬ್ಯಾಟರಿ ಕೂರುತ್ತದೆ, ಸ್ವಲ್ಪ ದಿನ ಬೈಕ್ ಚೆನ್ನಾಗಿರುತ್ತದೆ, ಮತ್ತೆ ಅದೇ ಕತೆ. ಆಮೇಲೆ ರಿಲೇ (ಸೆಲ್ಫ್ ಒತ್ತಿದಾಗ ಮೋಟರಿಗೆ ಕರೆಂಟ್ ಬಿಡುವ ಸ್ವಿಚ್), ಅದೂ ಆದ ಮೇಲೆ ಎಂಜಿನ್ ಸುತ್ತಿಸುವ ಸೆಲ್ಫ್ ಮೋಟರ್. ಬಿಲ್ ಬೆಳೆಯುತ್ತದೆ, ದೋಷ ಮಾತ್ರ ಇದ್ದಲ್ಲೇ ಇರುತ್ತದೆ.

ಕರಾವಳಿಯ ಹಳೇ ಬೈಕಿನಲ್ಲಿ ಪಾರ್ಟ್‌ಗಿಂತ ಮೊದಲು ಕೆಡುವುದು ಜಾಯಿಂಟ್. ಲಗ್ (ಕೇಬಲ್ ತುದಿಯ ಲೋಹದ ಬಳೆ), ಬೋಲ್ಟ್, ಕಪ್ಲರ್ (ವೈರುಗಳನ್ನು ಸೇರಿಸುವ ಪ್ಲಾಸ್ಟಿಕ್ ಜೋಡಣೆ), ಫ್ಯೂಸ್ ಹೋಲ್ಡರ್, ಹೀಗೆ ಒಂದು ಲೋಹ ಇನ್ನೊಂದನ್ನು ಮುಟ್ಟುವ ಜಾಗಗಳು. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ವರ್ಷಕ್ಕೆ 3,500 ಮಿ.ಮೀ. ದಾಟುವ ಮಳೆ, ಸಮುದ್ರದ ಉಪ್ಪು ಗಾಳಿ, ಅದರ ಮೇಲೆ ಹೆದ್ದಾರಿ 66ರಲ್ಲಿ ಎದುರಿಗೆ ಹೋಗುವ ಮೀನಿನ ಲಾರಿಯಿಂದ ಸೋರುವ ನೀರು. ಜೂನ್, ಜುಲೈಯಲ್ಲಿ ಟ್ರಾಲಿಂಗ್ ನಿಷೇಧ ಇರುವಾಗ ಲಾರಿ ಕಡಿಮೆ, ನಿಜ. ಆದರೆ ಅಷ್ಟರಲ್ಲಿ ಉಪ್ಪು ಲಗ್‌ಗಳ ಸಂದಿಯಲ್ಲಿ ಕೂತಾಗಿರುತ್ತದೆ. ಮೊದಲ ಮಳೆ ಬಿದ್ದಾಗ ಅದು ಕೆಲಸ ಶುರು ಮಾಡುತ್ತದೆ.

ಇಲ್ಲಿ ಬರೆದದ್ದು 12 ವೋಲ್ಟ್ ಬ್ಯಾಟರಿ, ಸೆಲ್ಫ್ ಮತ್ತು ಕಿಕ್ಕರ್ ಎರಡೂ ಇರುವ, 2000ರ ದಶಕದ 100ರಿಂದ 180 ಸಿಸಿ ಬೈಕುಗಳನ್ನು ಮನಸ್ಸಲ್ಲಿಟ್ಟುಕೊಂಡು. ಬುಲೆಟ್, ಯೆಜ್ಡಿ ಇರುವವರಿಗೂ ಕೊನೆಯಲ್ಲಿ ನಾಲ್ಕು ಮಾತು ಉಂಟು.

ಬೇಕಾಗುವ ಸಾಮಾನು

ಒಂದು ಡಿಜಿಟಲ್ ಮಲ್ಟಿಮೀಟರ್ ಬೇಕು, ಸಾಧಾರಣದ್ದು ಸಾಕು. 10ರ ಸ್ಪ್ಯಾನರ್, ಸ್ಕ್ರೂಡ್ರೈವರ್, ಪ್ಲಗ್ ಸ್ಪ್ಯಾನರ್, ಸಣ್ಣ ವೈರ್ ಬ್ರಶ್, ಎಮರಿ ಪೇಪರ್, ವ್ಯಾಸಲಿನ್. ಇದರ ಜೊತೆ ಒಂದು ಟೆಸ್ಟ್ ಲ್ಯಾಂಪ್ ಮಾಡಿಕೊಳ್ಳಿ. ಇಂಡಿಕೇಟರಿನ 12 ವೋಲ್ಟ್ ಬಲ್ಬಿಗೆ ಎರಡು ವೈರ್ ಬೆಸುಗೆ ಹಾಕಿದರೆ ಆಯಿತು. ಮೀಟರ್ ಇರುವಾಗ ಬಲ್ಬ್ ಯಾಕೆ ಅಂತ ಕೇಳಬಹುದು. ವೈರಿನ ಒಳಗೆ ಎಲ್ಲ ಎಳೆ ತುಂಡಾಗಿ ಒಂದೇ ಎಳೆ ಉಳಿದಿದ್ದರೂ ಮೀಟರ್ ನೆಟ್ಟಗೆ 12 ವೋಲ್ಟ್ ತೋರಿಸುತ್ತದೆ, ಯಾಕೆಂದರೆ ಅದು ಕರೆಂಟನ್ನೇ ಎಳೆಯುವುದಿಲ್ಲ. ಬಲ್ಬ್ ಎಳೆಯುತ್ತದೆ. ಜಾಯಿಂಟ್ ಪೊಳ್ಳಾಗಿದ್ದರೆ ಮಂಕಾಗಿ ಉರಿದು ಗುಟ್ಟು ಬಿಟ್ಟುಕೊಡುತ್ತದೆ.

ಬ್ಯಾಟರಿ ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಚಾಸಿಸ್‌ಗೆ ತಾಗಿದರೂ ಆಗ ಏನೂ ಆಗುವುದಿಲ್ಲ.

ಮೊದಲು ಕಿವಿ, ಆಮೇಲೆ ಮೀಟರ್

ಕೀ ಆನ್ ಮಾಡಿ, ನ್ಯೂಟ್ರಲ್ ಹಾಕಿ, ಸೆಲ್ಫ್ ಒತ್ತಿ. ಏನು ಕೇಳುತ್ತದೆ? ಅರ್ಧ ದೋಷ ಇಲ್ಲೇ ಗೊತ್ತಾಗುತ್ತದೆ.

‘ಟಕ್ ಟಕ್ ಟಕ್’ ಅಂತ ಬೇಗ ಬೇಗ ಬಡಿದರೆ ಬ್ಯಾಟರಿ ಕಡೆ ಅನುಮಾನ. ರಿಲೇ ಎಳೆದುಕೊಂಡ ಕೂಡಲೇ ಮೋಟರಿಗೆ ಕರೆಂಟ್ ಹರಿದು ವೋಲ್ಟೇಜ್ ಕುಸಿಯುತ್ತದೆ, ರಿಲೇ ಬಿಡುತ್ತದೆ. ಬಿಟ್ಟ ಕೂಡಲೇ ವೋಲ್ಟೇಜ್ ಏರುತ್ತದೆ, ಮತ್ತೆ ಎಳೆಯುತ್ತದೆ. ಬ್ಯಾಟರಿಯಲ್ಲಿ ಚಾರ್ಜ್ ಇಲ್ಲ, ಇಲ್ಲವೇ ಬ್ಯಾಟರಿಯ ಟರ್ಮಿನಲ್ ಲೂಸ್.

ಒಂದೇ ಒಂದು ‘ಟಕ್’ ಬಂದು ಸುಮ್ಮನಾದರೆ, ಸೆಲ್ಫ್ ಒತ್ತಿ ಹಿಡಿದೇ ಬ್ರೇಕ್ ಲೈಟ್ ನೋಡಿ. ಹೆಡ್‌ಲೈಟ್ ನೋಡಬೇಡಿ, ಹಳೇ ಬೈಕುಗಳಲ್ಲಿ ತುಂಬಾ ಕಡೆ ಅದು ನೇರ, ಎಂಜಿನ್ ಸುತ್ತುವಾಗ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್ ಕಾಯಿಲ್‌ನಿಂದ ಉರಿಯುತ್ತದೆ, ಎಂಜಿನ್ ಓಡದೆ ಬೆಳಕೇ ಇಲ್ಲ. ಬ್ರೇಕ್ ಲೈಟ್ ಹಾಗೇ ಪ್ರಕಾಶವಾಗಿ ಉರಿಯುತ್ತಿದ್ದರೆ ಮೋಟರಿಗೆ ಕರೆಂಟ್ ಹೋಗುತ್ತಿಲ್ಲ ಅಥವಾ ತೀರಾ ಕಡಿಮೆ ಹೋಗುತ್ತಿದೆ. ರಿಲೇ ಒಳಗಿನ ಕಾಂಟ್ಯಾಕ್ಟ್ ಸುಟ್ಟಿರಬಹುದು, ಮೋಟರಿನ ಕಾರ್ಬನ್ ಬ್ರಶ್ (ಸುತ್ತುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ತುಂಡು) ಸವೆದಿರಬಹುದು, ದಪ್ಪ ಕೇಬಲ್ಲಿನ ಲಗ್ ಕಿಲುಬು ಹಿಡಿದಿರಬಹುದು. ಲೈಟ್ ಪೂರ್ತಿ ಮಂಕಾದರೆ ಬ್ಯಾಟರಿ ಸೋತಿದೆ, ಇಲ್ಲವೇ ಮೋಟರ್ ಜಾಮ್ ಆಗಿದೆ.

ಶಬ್ದವೇ ಇಲ್ಲದಿದ್ದರೆ ದೋಷ ಸಣ್ಣ ವೈರುಗಳ ಕಡೆ: ಫ್ಯೂಸ್, ಕೀ, ಕ್ಲಚ್ ಸ್ವಿಚ್, ನ್ಯೂಟ್ರಲ್ ಸ್ವಿಚ್, ಸೆಲ್ಫ್ ಬಟನ್. ‘ಊಂ... ಊಂ...’ ಅಂತ ಎಳೆದಾಡಿಕೊಂಡು ಸುತ್ತಿದರೆ ಮುಂದೆ ಹೇಳುವ ವೋಲ್ಟೇಜ್ ಪರೀಕ್ಷೆ ನಿಮಗೇ. ಚೆನ್ನಾಗಿ ಸುತ್ತಿ ಹತ್ತಿಕೊಳ್ಳದಿದ್ದರೆ ಪ್ಲಗ್ಗಿನ ಕರೆಂಟ್ ನೋಡಬೇಕು.

ಬ್ಯಾಟರಿಗೆ ಮೂರು ಅಂಕಿ

ರಾತ್ರಿ ನಿಲ್ಲಿಸಿದ ಬೈಕಿಗೆ ಬೆಳಿಗ್ಗೆ ಏನೂ ಆನ್ ಮಾಡದೆ ಮೀಟರ್ ಹಿಡಿಯಿರಿ. 12.6 ವೋಲ್ಟ್ ಅಥವಾ ಜಾಸ್ತಿ ಇದ್ದರೆ ಪೂರ್ತಿ ಚಾರ್ಜ್. 12.2 ಅಂದರೆ ಹೆಚ್ಚುಕಡಿಮೆ ಅರ್ಧ. 12ಕ್ಕಿಂತ ಕೆಳಗೆ ಇದ್ದರೆ ಮೊದಲು ಚಾರ್ಜ್ ಮಾಡಿಸಿ, ಅಲ್ಲಿವರೆಗೆ ಉಳಿದ ಪರೀಕ್ಷೆಗೆ ಅರ್ಥವಿಲ್ಲ. 9 ಆಂಪಿಯರ್-ಅವರ್ ಬ್ಯಾಟರಿಗೆ 0.9 ಆಂಪಿಯರ್ ಸುತ್ತಮುತ್ತ ನಿಧಾನ ಚಾರ್ಜ್ ಸರಿ. ಕಾರಿನ ಚಾರ್ಜರಿಗೆ ಹಾಕಿ ‘ಅರ್ಧ ಗಂಟೆಯಲ್ಲಿ ರೆಡಿ’ ಅನ್ನುವವರಿಂದ ದೂರ ಇರಿ.

ಎರಡನೇ ಅಂಕಿ ಸೆಲ್ಫ್ ಒತ್ತಿದಾಗಿನದು. ಮೀಟರ್ ಬ್ಯಾಟರಿ ಮೇಲೇ ಇರಲಿ. 10 ವೋಲ್ಟ್‌ಗಿಂತ ಮೇಲೆ ನಿಂತರೆ ಒಳ್ಳೆಯದು, 9.5ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಒಳಗೆ ದುರ್ಬಲ. ನಿಂತಾಗ 12.6 ತೋರಿಸಿ ಸೆಲ್ಫ್ ಒತ್ತಿದ ಕೂಡಲೇ 7ಕ್ಕೆ ಇಳಿಯುವ ಬ್ಯಾಟರಿಗಳು ಎಷ್ಟೋ ಇವೆ.

ಮೂರನೆಯದು ಎಂಜಿನ್ ಓಡುವಾಗ. ಆಕ್ಸಿಲರೇಟರ್ ಸ್ವಲ್ಪ ಎತ್ತಿ ಹಿಡಿದಾಗ 13.5ರಿಂದ 14.5ರ ಒಳಗೆ ಬರಬೇಕು. ಏರದೆ 12.5ರಲ್ಲೇ ಕೂತಿದ್ದರೆ ಚಾರ್ಜಿಂಗ್ ಇಲ್ಲ. 15 ದಾಟಿದರೆ ಆರ್.ಆರ್. ಯೂನಿಟ್ (ಚಾರ್ಜಿಂಗ್ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್-ರೆಕ್ಟಿಫೈಯರ್) ಹಾಳು, ಹೊಸ ಬ್ಯಾಟರಿಯನ್ನೂ ಅದು ಬೇಯಿಸುತ್ತದೆ. ಆರ್.ಆರ್. ಯೂನಿಟ್ ಕೊಳ್ಳುವ ಮುಂಚೆ ಮ್ಯಾಗ್ನೆಟ್ ಕಾಯಿಲ್‌ನಿಂದ ಬರುವ ವೈರುಗಳ ಕಪ್ಲರ್ ಬಿಚ್ಚಿ ನೋಡಿ. ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ, ಪಿನ್ ಸುತ್ತ ಕರಗಿದ್ದರೆ, ಕಳ್ಳ ಅಲ್ಲೇ ಸಿಕ್ಕಿದ.

ಮಂಗಳೂರಿನ ಹಂಪನಕಟ್ಟೆಯಲ್ಲಿ ಅಂಗಡಿಯಿಂದ ಅಂಗಡಿಗೆ ಹತ್ತು ಕಡೆ ನಿಲ್ಲಿಸಿ ಹತ್ತು ಸಲ ಸೆಲ್ಫ್ ಒತ್ತುವ ಬೈಕಿಗೆ ಚಾರ್ಜಿಂಗ್ ಸರಿ ಇದ್ದರೂ ಬ್ಯಾಟರಿ ತುಂಬುವುದಿಲ್ಲ. ಅದು ದೋಷ ಅಲ್ಲ, ಬಳಕೆ. ಕಿಕ್ಕರ್ ಇರುವುದು ಅದಕ್ಕೇ ಮಾರಾಯ್ರೆ.

ಅರ್ತ್: ಇಲ್ಲಿ ಜಾಸ್ತಿ ಹೊತ್ತು ಕೂರಿ

ಅರ್ತ್ ಅಂದರೆ ಬ್ಯಾಟರಿ ಮೈನಸ್ ಎಂಜಿನ್ ಬಾಡಿಗೆ ಸೇರುವ ದಾರಿ. ಬ್ಯಾಟರಿ ಸರಿ ಇದೆ, ಆದರೂ ಸೆಲ್ಫ್ ಎಳೆದಾಡುತ್ತದೆ ಅಥವಾ ‘ಟಕ್’ ಅಂದು ನಿಲ್ಲುತ್ತದೆ. ಇಂಥದ್ದಕ್ಕೆ ವೋಲ್ಟೇಜ್ ಡ್ರಾಪ್ ಪರೀಕ್ಷೆಗಿಂತ ಒಳ್ಳೆಯದು ಇನ್ನೊಂದಿಲ್ಲ. ಗ್ಯಾರೇಜುಗಳಲ್ಲಿ ಇದನ್ನು ಮಾಡುವವರು ಕಡಿಮೆ, ಯಾಕೆ ಅಂತ ನನಗೆ ಅರ್ಥವಾಗಿಲ್ಲ. ಎರಡು ನಿಮಿಷದ ಕೆಲಸ.

ಲೆಕ್ಕ ಸುಲಭ. ಸೆಲ್ಫ್ ಮೋಟರ್ ಹತ್ತಾರು ಆಂಪಿಯರ್ ಎಳೆಯುತ್ತದೆ. 60 ಆಂಪಿಯರ್ ಅಂದುಕೊಳ್ಳಿ. ದಾರಿಯಲ್ಲಿ ಎಲ್ಲೋ ಒಂದು ಕಿಲುಬು ಹಿಡಿದ ಲಗ್‌ನಲ್ಲಿ ಬರೀ 0.05 ಓಮ್ ತಡೆ ಇದ್ದರೂ ಅಲ್ಲಿ 3 ವೋಲ್ಟ್ ಹೋಯಿತು. ಅದೇ ಲಗ್ಗನ್ನು ಮೀಟರಿನ ಓಮ್ ರೇಂಜಿನಲ್ಲಿ ನೋಡಿದರೆ ಸೊನ್ನೆ ಅಂತ ತೋರಿಸುತ್ತದೆ, ‘ಬೀಪ್’ ಅಂತ ಕೂಗುವುದೂ ಕೂಗುತ್ತದೆ. ಆ ಬೀಪನ್ನು ನಂಬಿ ಕೂತರೆ ದೋಷ ಸಿಗುವುದಿಲ್ಲ. ಕರೆಂಟ್ ಹರಿಯುವಾಗಲೇ ಅಳೆಯಬೇಕು.

ಮೀಟರ್ 20 ವೋಲ್ಟ್ ಡಿ.ಸಿ. ರೇಂಜಿನಲ್ಲಿ ಇರಲಿ. ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ, ಅಂದರೆ ಲಗ್‌ಗೆ ಅಲ್ಲ, ಸೀಸದ ಕಂಬಕ್ಕೇ. ಇನ್ನೊಂದು ಎಂಜಿನ್ ಕೇಸಿಂಗ್‌ನ ಬಣ್ಣ ಇಲ್ಲದ ಜಾಗಕ್ಕೆ. ಸೆಲ್ಫ್ ಒತ್ತಿ. 0.2 ವೋಲ್ಟ್ ಒಳಗೆ ಇದ್ದರೆ ಅರ್ತ್ ಚೆನ್ನಾಗಿದೆ. 0.5 ದಾಟಿದರೆ ಬಿಚ್ಚಬೇಕು. ಇದೇ ರೀತಿ ಬ್ಯಾಟರಿ ಪ್ಲಸ್ ಕಂಬದಿಂದ ಮೋಟರಿನ ದಪ್ಪ ಕೇಬಲ್ ಬೋಲ್ಟ್‌ವರೆಗೆ ಇನ್ನೊಮ್ಮೆ. ಅಲ್ಲಿ ರಿಲೇ ಕೂಡ ನಡುವೆ ಬರುವುದರಿಂದ 0.5ರವರೆಗೆ ಬಿಡಬಹುದು.

ನಮ್ಮ ಬೀದಿಯ ಒಂದು ಕೆ.ಎ. 19 ನಂಬರಿನ 150 ಸಿಸಿ ಬೈಕಿನಲ್ಲಿ ಹೀಗೆ ಸಿಕ್ಕಿತು. ಬ್ಯಾಟರಿ ಹೊಸತು, ರಿಲೇಯೂ ಹೊಸತು, ಮುಂದಿನ ಸರದಿ ಮೋಟರಿನದು ಅಂತ ಮೆಕ್ಯಾನಿಕ್ ಹೇಳಿಯಾಗಿತ್ತು. ಸೆಲ್ಫ್ ಒತ್ತಿದಾಗ ಬ್ಯಾಟರಿ ಮೇಲೆ 11.4 ವೋಲ್ಟ್. ಪ್ಲಸ್ ಕಡೆ ನಷ್ಟ 0.4. ಮೈನಸ್ ಕಡೆ 2.9! ಅಂದರೆ ಮೋಟರಿಗೆ ಸಿಗುತ್ತಿದ್ದದ್ದು 8.1 ಮಾತ್ರ. ಅರ್ತ್ ಕೇಬಲ್ ಎಂಜಿನ್ನಿಗೆ ಸೇರುವ ಬೋಲ್ಟ್ ಮೇಲಿನಿಂದ ನೋಡಲಿಕ್ಕೆ ಗಟ್ಟಿಯಾಗಿಯೇ ಇತ್ತು. ಬಿಚ್ಚಿದಾಗ ಲಗ್‌ನ ಅಡಿಯಲ್ಲಿ ಬಿಳಿ ಪುಡಿ. ಅಲ್ಯೂಮಿನಿಯಂ ಕೇಸಿಂಗ್, ಕಬ್ಬಿಣದ ಬೋಲ್ಟ್, ತಾಮ್ರದ ಲಗ್, ನಡುವೆ ಉಪ್ಪು ನೀರು ಸೇರಿದರೆ ಅಲ್ಯೂಮಿನಿಯಂ ಕರಗಿ ಆಗುವ ಪುಡಿ ಅದು. ಕರೆಂಟ್ ಹರಿಯಲು ಬೋಲ್ಟ್‌ನ ಒಂದು ಅಂಚು ಮಾತ್ರ ಉಳಿದಿತ್ತು.

ಲಗ್ ಉಜ್ಜಿ ಮತ್ತೆ ಹಾಕಿದರೆ ಕೆಲಸ ಮುಗಿಯಿತಾ? ಇಲ್ಲ. ಲಗ್‌ನ ಹತ್ತಿರ ವೈರಿನ ಸಿಪ್ಪೆ ಒಂದಿಂಚು ಸೀಳಿದಾಗ ಒಳಗಿನ ತಾಮ್ರ ಕಪ್ಪಗೆ ಇತ್ತು. ಉಪ್ಪು ನೀರು ಎಳೆಗಳ ನಡುವೆ ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ ಏರುತ್ತದೆ. ಕಪ್ಪು ತಾಮ್ರಕ್ಕೆ ಬೆಸುಗೆ ಹಿಡಿಯುವುದಿಲ್ಲ, ಹೊಸ ಲಗ್ ಒತ್ತಿದರೂ ಸ್ವಲ್ಪ ದಿನದಲ್ಲಿ ಮತ್ತೆ ಅದೇ ಪಾಡು. ಕೆಂಪು ತಾಮ್ರ ಸಿಗುವವರೆಗೆ ಕತ್ತರಿಸಬೇಕು, ಉದ್ದ ಸಾಲದಿದ್ದರೆ ಇಡೀ ಕೇಬಲ್ ಹೊಸತು ಮಾಡಬೇಕು. ಇಲ್ಲಿ ಹೊಸ ಕೇಬಲ್ಲೇ ಬೇಕಾಯಿತು. ಕೇಸಿಂಗ್ ಮೇಲಿನ ಜಾಗವನ್ನು ಎಮರಿಯಿಂದ ಹೊಳೆಯುವಷ್ಟು ಉಜ್ಜಿ, ಬೋಲ್ಟ್ ಬಿಗಿ ಮಾಡಿದ ಮೇಲೆ ಹೊರಗಿನಿಂದ ವ್ಯಾಸಲಿನ್ ಬಳಿದದ್ದು.

ಮತ್ತೆ ಅಳೆದಾಗ ಮೈನಸ್ ಕಡೆ 0.1, ಪ್ಲಸ್ ಕಡೆ 0.5, ಬ್ಯಾಟರಿ ಮೇಲೆ 10.6. ಮೊದಲು 11.4 ಇದ್ದದ್ದು ರಿಪೇರಿ ಆದ ಮೇಲೆ 10.6ಕ್ಕೆ ಇಳಿದಿದೆ ಅಂತ ಗಾಬರಿ ಬೇಡ. ದಾರಿ ತೆರೆದ ಮೇಲೆ ಮೋಟರ್ ತನಗೆ ಬೇಕಾದಷ್ಟು ಕರೆಂಟ್ ಎಳೆಯುತ್ತದೆ, ಅದಕ್ಕೆ ಬ್ಯಾಟರಿ ಸ್ವಲ್ಪ ಜಾಸ್ತಿ ಬಗ್ಗುತ್ತದೆ. ಮೋಟರಿಗೆ ಸಿಕ್ಕಿದ್ದು ಈಗ 10 ವೋಲ್ಟ್. ಸೆಲ್ಫ್ ಹೊಸ ಬೈಕಿನ ಹಾಗೆ ಸುತ್ತಿತು. ಆ ಹಳೇ ಬ್ಯಾಟರಿಗೂ ಹಳೇ ರಿಲೇಗೂ ಏನೂ ಆಗಿರಲಿಲ್ಲ ಅನ್ನುವುದು ಬೇರೆ ಮಾತು.

ರಿಲೇ ಮತ್ತು ಮೋಟರ್

ರಿಲೇಯ ‘ಟಕ್’ ಕೇಳಿದರೆ ಅದರ ಕಾಯಿಲ್ ಸರಿ ಇದೆ ಅಂತ ಮಾತ್ರ ಅರ್ಥ. ಒಳಗಿನ ಕಾಂಟ್ಯಾಕ್ಟ್ ಸುಟ್ಟಿದ್ದರೂ ‘ಟಕ್’ ಬರುತ್ತದೆ. ಸೆಲ್ಫ್ ಒತ್ತಿದಾಗ ರಿಲೇಯ ಎರಡು ದಪ್ಪ ಬೋಲ್ಟುಗಳ ನಡುವೆ ಮೀಟರ್ ಹಿಡಿಯಿರಿ. 0.2 ಒಳಗೆ ಇದ್ದರೆ ರಿಲೇ ಚೆನ್ನಾಗಿದೆ. ಪೂರ್ತಿ 12 ತೋರಿಸಿದರೆ ಕಾಂಟ್ಯಾಕ್ಟ್ ಸೇರುತ್ತಲೇ ಇಲ್ಲ.

ಸ್ಕ್ರೂಡ್ರೈವರ್ ಅಡ್ಡ ಇಟ್ಟು ಆ ಎರಡು ಬೋಲ್ಟ್ ಶಾರ್ಟ್ ಮಾಡುವ ಪದ್ಧತಿ ಎಲ್ಲ ಗ್ಯಾರೇಜಿನಲ್ಲೂ ಉಂಟು. ಪರೀಕ್ಷೆಯಾಗಿ ಅದು ಸರಿಯೇ, ಆದರೆ ಕಿಡಿ ಹಾರುತ್ತದೆ. ಕಾರ್ಬ್ಯುರೇಟರ್ ಸೋರುವ ಹಳೇ ಬೈಕು, ಪಕ್ಕದಲ್ಲಿ ಗ್ಯಾಸ್ ಬಿಡುವ ಬ್ಯಾಟರಿ, ಯೋಚಿಸಿ. ಮೀಟರ್ ಇರುವಾಗ ಅದರ ಅಗತ್ಯವೇ ಇಲ್ಲ.

ಮೋಟರಿನ ಬೋಲ್ಟಿಗೂ ಎಂಜಿನ್ ಬಾಡಿಗೂ ನಡುವೆ 10 ವೋಲ್ಟ್ ಬರುತ್ತಿದ್ದು ಮೋಟರ್ ಅಲುಗದಿದ್ದರೆ ಮಾತ್ರ ಮೋಟರ್ ಬಿಚ್ಚಿ. ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿದಾಗ ಒಮ್ಮೆ ಸುತ್ತಿದರೆ ಕಾರ್ಬನ್ ಬ್ರಶ್ ಸವೆದಿದೆ ಅಂತ ತಿಳಿಯಬಹುದು. ಪಂಪ್‌ವೆಲ್ ಕಡೆ ರಸ್ತೆಯಲ್ಲಿ ನೀರು ನಿಂತಾಗ ಅದರಲ್ಲೇ ಹೋದ ಬೈಕುಗಳಲ್ಲಿ ಮೋಟರ್ ಒಳಗೆ ಕೆಸರೂ ಸಿಗುತ್ತದೆ. ಬ್ರಶ್ ಸೆಟ್ ಮತ್ತು ನೀರು ತಡೆಯುವ ಓ ರಿಂಗ್ ಹಾಕಿದರೆ ಸಾಮಾನ್ಯವಾಗಿ ಸಾಕು, ಇಡೀ ಮೋಟರ್ ಬೇಕಾಗುವುದು ಅಪರೂಪ.

ಶಬ್ದವೇ ಇಲ್ಲದ ಕೇಸು

ಹಾರ್ನ್ ಹೊಡೆದು ನೋಡಿ. ಹಾರ್ನೂ ಇಲ್ಲ, ಇಂಡಿಕೇಟರೂ ಇಲ್ಲ ಅಂದರೆ ಫ್ಯೂಸ್. ಫ್ಯೂಸ್ ಒಳ್ಳೆಯದಿದ್ದರೂ ಹೋಲ್ಡರ್ ಒಳಗಿನ ಹಿತ್ತಾಳೆ ಹಸಿರಾಗಿ ಸಂಪರ್ಕ ಬಿಟ್ಟಿರಬಹುದು. ಫ್ಯೂಸಿನ ಎರಡೂ ಕಡೆ ಟೆಸ್ಟ್ ಲ್ಯಾಂಪ್ ಹಿಡಿಯಿರಿ. ದಯವಿಟ್ಟು ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಬೇಡಿ.

ಹಾರ್ನ್ ಇದೆ, ಸೆಲ್ಫ್ ಮಾತ್ರ ಇಲ್ಲ ಅಂದರೆ ಕ್ಲಚ್ ಹಿಡಿದು ಒತ್ತಿ, ನ್ಯೂಟ್ರಲ್‌ನಲ್ಲಿ ಕ್ಲಚ್ ಹಿಡಿಯದೆ ಒತ್ತಿ. ಒಂದು ರೀತಿಯಲ್ಲಿ ಸುತ್ತಿ ಇನ್ನೊಂದರಲ್ಲಿ ಸುತ್ತದಿದ್ದರೆ ಆ ಸ್ವಿಚ್ಚೇ ದೋಷ. ಎರಡರಲ್ಲೂ ಇಲ್ಲದಿದ್ದರೆ ಬಲಗಡೆ ಹ್ಯಾಂಡಲ್ ಸ್ವಿಚ್ ಬಿಚ್ಚಿ. ನಮ್ಮ ಕಡೆ ಬಟನ್ ಒಳಗೆ ಹಸಿರು ಕಿಲುಬು ಇರುವುದು ಗ್ಯಾರಂಟಿ. ಸಣ್ಣ ಸ್ಪ್ರಿಂಗ್ ಹಾರಿ ಹೋಗುತ್ತದೆ, ಅಡಿಯಲ್ಲಿ ಬಟ್ಟೆ ಹಾಸಿಕೊಳ್ಳಿ.

ಸುತ್ತುತ್ತದೆ, ಹತ್ತುವುದಿಲ್ಲ

ಪ್ಲಗ್ ಬಿಚ್ಚಿ, ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈ ಎಂಜಿನ್ನಿಗೆ ಗಟ್ಟಿಯಾಗಿ ತಾಗಿಸಿ, ಪ್ಲಗ್ ತೂತಿನಿಂದ ಸ್ವಲ್ಪ ದೂರ ಇಟ್ಟು ಸುತ್ತಿಸಿ. ಪ್ಲಗ್ ಗಾಳಿಯಲ್ಲಿ ನೇತಾಡಬಾರದು, ಸಿ.ಡಿ.ಐ. (ಪ್ಲಗ್ಗಿನ ಕಿಡಿಯನ್ನು ನಡೆಸುವ ಎಲೆಕ್ಟ್ರಾನಿಕ್ ಡಬ್ಬಿ) ಸುಡುವ ಅಪಾಯ ಉಂಟು. ಕಿಡಿ ನೀಲಿಯಾಗಿ ‘ಚಟ್’ ಅಂತ ಕೇಳಿಸಬೇಕು. ತೆಳ್ಳಗಿನ ಕಿತ್ತಳೆ ಕಿಡಿ ಅಂದರೆ ಬಲ ಇಲ್ಲ. ಗ್ಯಾಪ್ ಸಾಮಾನ್ಯವಾಗಿ 0.6ರಿಂದ 0.7 ಮಿ.ಮೀ.

ಕಿಡಿ ದುರ್ಬಲ ಇದ್ದರೆ ಮೊದಲು ಪ್ಲಗ್ ಕ್ಯಾಪ್ ತಿರುಗಿಸಿ ತೆಗೆಯಿರಿ. ಎಚ್.ಟಿ. ವೈರಿನ (ಪ್ಲಗ್ಗಿಗೆ ಹೈ ಟೆನ್ಶನ್ ಕರೆಂಟ್ ತರುವ ದಪ್ಪ ವೈರ್) ತುದಿ ಕಪ್ಪಾಗಿದ್ದರೆ ಅರ್ಧ ಸೆಂಟಿಮೀಟರ್ ಕತ್ತರಿಸಿ ಮತ್ತೆ ತಿರುಗಿಸಿ. ಮಳೆ ಬಂದಾಗ ಮಾತ್ರ ಎಂಜಿನ್ ಮುಗ್ಗರಿಸುವ ಮಿಸ್ಸಿಂಗ್‌ಗೆ ಕತ್ತಲೆಯಲ್ಲಿ ಪರೀಕ್ಷೆ ಮಾಡಿ. ಶೆಡ್ಡಿನ ಲೈಟ್ ಆರಿಸಿ, ಎಂಜಿನ್ ಓಡುತ್ತಿರುವಾಗ ಕ್ಯಾಪ್ ಮತ್ತು ಎಚ್.ಟಿ. ಕಾಯಿಲ್ ಮೇಲೆ ಸ್ವಲ್ಪ ನೀರು ಸಿಂಪಡಿಸಿ. ಸೋರಿಕೆ ಇದ್ದರೆ ವೈರಿನ ಮೈಮೇಲೆ ನೀಲಿ ಎಳೆ ಓಡುವುದು ಕಾಣುತ್ತದೆ. ಕೈ ಹಾಕಬೇಡಿ.

ಕಿಡಿಯೇ ಇಲ್ಲದಿದ್ದರೆ ನಿಮ್ಮ ಸಿ.ಡಿ.ಐ. ಯಾವ ಜಾತಿಯದು ಅಂತ ತಿಳಿಯಬೇಕು. ಎ.ಸಿ. ಸಿ.ಡಿ.ಐ.ಗೆ ಬ್ಯಾಟರಿ ಬೇಡ, ಅದು ಮ್ಯಾಗ್ನೆಟ್ ಕಾಯಿಲ್‌ನಿಂದಲೇ ಬದುಕುತ್ತದೆ. ಆರ್‌ಎಕ್ಸ್ 100 ಈ ಜಾತಿ. ಇದರಲ್ಲಿ ಕೀ ಆಫ್ ಮಾಡುವುದು ಅಂದರೆ ಒಂದು ವೈರನ್ನು ಬಾಡಿಗೆ ಅರ್ತ್ ಮಾಡುವುದು. ಕೀ ಒಳಗೆ ನೀರು ಹೋಗಿ ಆ ವೈರ್ ಅರ್ತ್ ಆದರೆ ಕಿಡಿ ಇಲ್ಲ. ಸಿ.ಡಿ.ಐ. ಹತ್ತಿರ ಆ ಒಂದು ವೈರ್ ಎಳೆದು ಕಿಕ್ ಹೊಡೆಯಿರಿ. ಕಿಡಿ ಬಂದರೆ ಸಿ.ಡಿ.ಐ.ಗೆ ದುಡ್ಡು ಹಾಕಬೇಕಾಗಿಲ್ಲ, ಕೀ ಅಥವಾ ಕಿಲ್ ಸ್ವಿಚ್ ನೋಡಿ. ಆ ವೈರ್ ಎಳೆದಿರುವಾಗ ಕೀಯಿಂದ ಎಂಜಿನ್ ಆಫ್ ಆಗುವುದಿಲ್ಲ ಅನ್ನುವುದು ನೆನಪಿರಲಿ. ಗೇರ್ ಹಾಕಿ, ಬ್ರೇಕ್ ಒತ್ತಿ ಹಿಡಿದು, ಕ್ಲಚ್ ಬಿಟ್ಟು ನಿಲ್ಲಿಸಬೇಕು.

ಡಿ.ಸಿ. ಸಿ.ಡಿ.ಐ. ಬ್ಯಾಟರಿಯಿಂದ ಓಡುತ್ತದೆ. ಇದರಲ್ಲಿ ಒಂದು ವಿಚಿತ್ರ ಉಂಟು: ಸೆಲ್ಫ್‌ನಲ್ಲಿ ಎಷ್ಟು ಸುತ್ತಿದರೂ ಹತ್ತುವುದಿಲ್ಲ, ಕಿಕ್ ಹೊಡೆದರೆ ಒಂದೇ ಏಟಿಗೆ ಹತ್ತುತ್ತದೆ. ಕೆಲವೊಮ್ಮೆ ಬಟನ್ ಬಿಟ್ಟ ಕ್ಷಣಕ್ಕೆ ಹತ್ತುತ್ತದೆ. ಮೋಟರ್ ಎಳೆಯುವಾಗ ವೋಲ್ಟೇಜ್ ಬಿದ್ದು ಸಿ.ಡಿ.ಐ.ಗೆ ಸಾಲುತ್ತಿಲ್ಲ, ಅಷ್ಟೇ. ಇದನ್ನು ಕಾರ್ಬ್ಯುರೇಟರ್ ದೋಷ ಅಂತ ತಿಳಿದು ಜೆಟ್ ಕ್ಲೀನ್ ಮಾಡಿಸುವವರು ಇದ್ದಾರೆ. ಮೇಲೆ ಹೇಳಿದ ಬ್ಯಾಟರಿ ಮತ್ತು ಅರ್ತ್ ಪರೀಕ್ಷೆಗೇ ವಾಪಸ್ ಹೋಗಿ.

ಪಾಯಿಂಟ್ (ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಲೋಹದ ಸ್ವಿಚ್) ಇರುವ ಹಳೇ ಬುಲೆಟ್, ಯೆಜ್ಡಿಗಳಲ್ಲಿ ಸಿ.ಡಿ.ಐ. ಪ್ರಶ್ನೆಯೇ ಇಲ್ಲ. ಮಳೆಗಾಲದಲ್ಲಿ ಪಾಯಿಂಟ್ ಮುಖದ ಮೇಲೆ ತೇವ, ಬೂದಿ ಬಣ್ಣದ ಪದರ ಕೂರುತ್ತದೆ. ಗಟ್ಟಿ ಕಾಗದದ ಚೂರು ನಡುವೆ ಹಾಕಿ ಎಳೆದರೆ ಎಷ್ಟೋ ಸಲ ಸಾಕಾಗುತ್ತದೆ. ಬುಲೆಟ್ಟಿನಲ್ಲಿ ಗ್ಯಾಪ್ 0.35ರಿಂದ 0.40 ಮಿ.ಮೀ. ಪಾಯಿಂಟ್ ನಡುವೆ ದೊಡ್ಡ ಕಿಡಿ ಹಾರುತ್ತಿದ್ದರೆ ಆ ಕಿಡಿ ತಡೆಯುವ ಕಂಡೆನ್ಸರ್ ಬದಲಿಸಿ. ಬುಲೆಟ್ಟಿನಲ್ಲಿ ಆಮೀಟರ್ (ಕರೆಂಟ್ ತೋರಿಸುವ ಮುಳ್ಳಿನ ಮೀಟರ್) ಬೇರೆ ಇದೆ. ಕೀ ಆನ್ ಮಾಡಿ ಕಿಕ್ಕರ್ ನಿಧಾನ ಒತ್ತುವಾಗ ಮುಳ್ಳು ಮೈನಸ್ ಕಡೆಗೂ ಸೊನ್ನೆಗೂ ಆಡುತ್ತಿದ್ದರೆ ಪಾಯಿಂಟ್ ತೆರೆದು ಮುಚ್ಚುತ್ತಿದೆ.

ನಿಲ್ಲಿಸಿದಲ್ಲೇ ಬ್ಯಾಟರಿ ಇಳಿದರೆ

ಕೀ ಆಫ್ ಮಾಡಿ, ಬ್ಯಾಟರಿ ಮೈನಸ್ ಬಿಚ್ಚಿ, ಕಂಬಕ್ಕೂ ಕೇಬಲ್ಲಿಗೂ ನಡುವೆ ಮೀಟರನ್ನು ಮಿಲಿ ಆಂಪಿಯರ್ ರೇಂಜಿನಲ್ಲಿ ಸೇರಿಸಿ. ಆಗ ತಪ್ಪಿಯೂ ಸೆಲ್ಫ್ ಒತ್ತಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ. ಗಡಿಯಾರ ಇಲ್ಲದ ಹಳೇ ಬೈಕಿನಲ್ಲಿ ಸೊನ್ನೆಗೆ ಹತ್ತಿರ ಇರಬೇಕು. 50 ಮಿಲಿ ಆಂಪಿಯರ್ ಸೋರಿದರೂ ದಿನಕ್ಕೆ 1.2 ಆಂಪಿಯರ್-ಅವರ್ ಆಯಿತು, ನಾಲ್ಕು ದಿನದಲ್ಲಿ 9ರ ಬ್ಯಾಟರಿ ಅರ್ಧಕ್ಕಿಂತ ಕೆಳಗೆ. ಮೊದಲು ರಿಮೋಟ್ ಲಾಕ್, ಮೊಬೈಲ್ ಚಾರ್ಜರ್ ಕಳಚಿ. ಆಮೇಲೆ ಆರ್.ಆರ್. ಯೂನಿಟ್ ಕಪ್ಲರ್. ಯಾವುದು ಕಳಚಿದಾಗ ಅಂಕಿ ಬೀಳುತ್ತದೋ ಅದೇ ಸೋರುವ ಜಾಗ.

ಮಳೆಗಾಲದ ಮುಂಚೆ

ಕಪ್ಲರ್‌ಗಳಿಗೆ ಸಿಲಿಕೋನ್ ಗ್ರೀಸ್ ಒಳ್ಳೆಯದು. ವಾಟರ್ ವಾಶ್ ಆದ ಮೇಲೆ ತುಕ್ಕಿಗೆ ಅಂತ ಡೀಸೆಲ್ ಸ್ಪ್ರೇ ಮಾಡಿಸುತ್ತಾರಲ್ವಾ, ಅದು ಚಾಸಿಸ್ ಅಡಿಗೆ ಮಾತ್ರ ಇರಲಿ. ವೈರಿಂಗ್ ಮೇಲೆ ಬಿದ್ದರೆ ರಬ್ಬರ್ ಬೂಟುಗಳು ಉಬ್ಬಿ ಸಡಿಲವಾಗುತ್ತವೆ, ನೀರಿಗೆ ದಾರಿ ಆಗುತ್ತದೆ. ಮಲ್ಪೆ, ಪಣಂಬೂರು ಕಡೆ ಕಡಲ ದಂಡೆಯ ಹತ್ತಿರ ಬೈಕ್ ನಿಲ್ಲಿಸುವವರು ಮೇ ಕೊನೆಯಲ್ಲಿ ಅರ್ತ್ ಬೋಲ್ಟ್ ಒಮ್ಮೆ ಬಿಚ್ಚಿ ಉಜ್ಜಿ ಹಾಕುವುದು ವಾಡಿಕೆ ಮಾಡಿಕೊಳ್ಳಲಿ.

ಎಲೆಕ್ಟ್ರಿಷಿಯನ್ ಹತ್ತಿರ ಹೋಗಲೇಬೇಕಾದರೆ ಅಳೆದ ಅಂಕಿಗಳನ್ನು ಬರೆದುಕೊಂಡು ಹೋಗಿ: ನಿಂತಾಗ ಎಷ್ಟು, ಸೆಲ್ಫ್ ಒತ್ತಿದಾಗ ಎಷ್ಟು, ಓಡುವಾಗ ಎಷ್ಟು, ಮೈನಸ್ ಕಡೆ ನಷ್ಟ ಎಷ್ಟು. ವೈರಿಂಗ್ ಕಿಟ್ಟಿನಲ್ಲಿ ಅಲ್ಲಲ್ಲಿ ಟೇಪ್ ಸುತ್ತಿ ಯಾವ ಬಣ್ಣ ಎಲ್ಲಿಗೆ ಹೋಗಿದೆ ಅಂತಲೇ ಗೊತ್ತಾಗದಿದ್ದರೆ ಹುಡುಕುವುದು ಬಿಟ್ಟು ಹೊಸ ಕಿಟ್ ಹಾಕಿಸಿ. ಮೋಟರ್ ‘ಗುಯ್’ ಅಂತ ಸುತ್ತಿ ಎಂಜಿನ್ ಮಾತ್ರ ಸುತ್ತದಿದ್ದರೆ ಅದು ಮೋಟರಿನ ತಿರುವನ್ನು ಎಂಜಿನ್ನಿಗೆ ಮುಟ್ಟಿಸುವ ಒನ್ ವೇ ಕ್ಲಚ್ ಜಾರುವುದು. ಅದಕ್ಕೆ ಮೀಟರ್ ಉಪಯೋಗವಿಲ್ಲ, ಎಂಜಿನ್ ಕವರ್ ಬಿಚ್ಚುವವರನ್ನು ಹುಡುಕಿ.